ಬಿಗಿ ಕಾರು ಬೇರೆ, ಒರಟು ಕಾರು ಬೇರೆ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ಕುಲುಕಾಟ ಪರೀಕ್ಷಿಸುವುದು ಹೇಗೆ?

ಸ್ಪೋರ್ಟ್ಸ್ ಕಾರು ಅಂದಮೇಲೆ ಕುಲುಕಾಟ ಇದ್ದದ್ದೇ ಎಂದು ಸುಮ್ಮನಾಗುವವರು ಜಾಸ್ತಿ. ಚಿಕ್ಕ ಗುಂಡಿಗೆ ಇಳಿದರೂ 'ಧಡ್' ಎಂದು ಸದ್ದಾಗುತ್ತದೆ, ಸೊಂಟಕ್ಕೆ ಏಟು ಬೀಳುತ್ತದೆ. ಇಂಥ ಕಾರುಗಳು ಇರುವುದೇ ಹೀಗೆ ಎಂದು ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ಎಷ್ಟೋ ಸಲ ಅದು ನಿಜವಲ್ಲ. ಕಾರು ಫ್ಯಾಕ್ಟರಿಯಿಂದ ಬಂದಾಗ ಹಾಗಿರಲಿಲ್ಲ. ನಡುವೆ ಏನೋ ಹಳೆಯದಾಗಿದೆ, ಇಲ್ಲವೇ ಯಾರೋ ಏನೋ ಬದಲಾಯಿಸಿದ್ದಾರೆ. ಅದು ಏನೆಂದು ಹುಡುಕುವುದು ಅಷ್ಟೇನೂ ಕಷ್ಟವಲ್ಲ. ನೆಲದಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು.

ಅದಕ್ಕೂ ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಬಿಗಿ ಕಾರು ಉಬ್ಬು ಹತ್ತಿದರೆ ಒಮ್ಮೆ ಎದ್ದು, ಒಮ್ಮೆ ಕೂತು, ಸುಮ್ಮನಾಗುತ್ತದೆ. ರಸ್ತೆ ಹೇಗಿದೆ ಎಂದು ಕೈಗೆ ಗೊತ್ತಾಗುತ್ತದೆ, ಬೆನ್ನಿಗೆ ನೋವಾಗುವುದಿಲ್ಲ. ಒರಟು ಕಾರು ರಸ್ತೆಯ ಪ್ರತಿ ಬಿರುಕನ್ನೂ ಚುಚ್ಚಿದ ಹಾಗೆ ಒಳಗೆ ತರುತ್ತದೆ.

ಇದರ ಹಿಂದೆ ಒಂದು ಲೆಕ್ಕವಿದೆ. ಸಾಧಾರಣ ಕಾರಿನ ಮೈ ತನ್ನ ಸ್ಪ್ರಿಂಗ್‌ಗಳ ಮೇಲೆ ಸೆಕೆಂಡಿಗೆ ಸುಮಾರು 1ರಿಂದ 1.5 ಸಲ ಮೇಲೆ ಕೆಳಗೆ ಆಡುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಇದು 1.5ರಿಂದ 2 ಸಲ. ಆದರೆ ಕೂತ ಮನುಷ್ಯನ ದೇಹಕ್ಕೆ ಅತಿ ಹೆಚ್ಚು ಹಿಂಸೆಯಾಗುವುದು ಸೆಕೆಂಡಿಗೆ 4ರಿಂದ 8 ಸಲದ ಅದುರಾಟದಲ್ಲಿ. ಅಂದರೆ ಕಂಪನಿ ಹಾಕಿದ ಬಿಗಿ ಸ್ಪ್ರಿಂಗ್ ಕೂಡ ಆ ಮಟ್ಟದಿಂದ ಸಾಕಷ್ಟು ಕೆಳಗೇ ಇದೆ. ಹಾಗಾಗಿ ಚುಚ್ಚುವಂಥ ಏಟು ಬರುತ್ತಿದ್ದರೆ ಮೊದಲ ಅನುಮಾನ ಸ್ಪ್ರಿಂಗ್ ಮೇಲೆ ಬೇಡ. ಟೈರ್, ಬುಷ್ (ಸಸ್ಪೆನ್ಶನ್ ಕೀಲುಗಳಲ್ಲಿರುವ ರಬ್ಬರ್ ತುಂಡು), ಶಾಕ್ ಅಬ್ಸಾರ್ಬರ್ (ಸ್ಪ್ರಿಂಗ್‌ನ ಕುಣಿತ ತಡೆಯುವ ಎಣ್ಣೆ ತುಂಬಿದ ಕೊಳವೆ) ಕಡೆ ನೋಡಿ.

ಮೊದಲು ಟೈರ್

ಗಾಳಿ ಚೆಕ್ ಮಾಡದೆ ಟೆಸ್ಟ್ ಡ್ರೈವ್‌ಗೆ ಹೊರಡಬೇಡಿ. ಕಾರು ಕೆಲವು ಗಂಟೆ ನಿಂತು ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರ್ ಮೇಲೋ, ಪೆಟ್ರೋಲ್ ಮುಚ್ಚಳದ ಒಳಗೋ ಇರುತ್ತದೆ. ಟೈರಿನ ಮೈಮೇಲೆ ಬರೆದಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ, ಅದನ್ನು ನೋಡಿ ಗಾಳಿ ಹಿಡಿಸಬಾರದು. ನಾನು ಒಮ್ಮೆ ಎರಡು ಸೀಟಿನ ಪುಟ್ಟ ಕಾರೊಂದನ್ನು ಓಡಿಸಿ, ಇಷ್ಟು ಒರಟು ಕಾರು ಬೇಡವೇ ಬೇಡ ಎಂದು ವಾಪಸ್ ಕೊಡಲು ಹೊರಟಿದ್ದೆ. ಗೇಜ್ ಹಚ್ಚಿದರೆ ನಾಲ್ಕೂ ಚಕ್ರದಲ್ಲಿ 40 ಪಿಎಸ್‌ಐ. ಸ್ಟಿಕ್ಕರ್ ಹೇಳಿದ್ದು 29. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟೈರ್ ಒಂದೇ ಕಡೆ ಚಪ್ಪಟೆಯಾಗದಿರಲಿ ಎಂದು ಗಾಳಿ ಜಾಸ್ತಿ ಹಾಕಿಡುತ್ತಾರೆ, ಮಾರುವಾಗ ಇಳಿಸುವುದು ಮರೆತುಹೋಗುತ್ತದೆ. ಗಾಳಿ ಸರಿಮಾಡಿ ಮತ್ತೆ ಓಡಿಸಿದಾಗ ಅದು ಬೇರೆಯೇ ಕಾರು ಅನ್ನಿಸಿತು. ಹಾಗಂತ ಮೆತ್ತಗಾಗಲಿ ಎಂದು ಸ್ಟಿಕ್ಕರ್‌ನ ಅಂಕಿಗಿಂತ ಕೆಳಗೆ ಇಳಿಸಬೇಡಿ. ಟೈರ್ ಬಿಸಿಯಾಗುತ್ತದೆ, ಗುಂಡಿಗೆ ಬಿದ್ದರೆ ರಿಮ್ಮೇ ಬಾಗುತ್ತದೆ.

ಮುಂದೆ ಟೈರಿನ ವಯಸ್ಸು. ಟೈರಿನ ಬದಿಯಲ್ಲಿ 'ಡಿಒಟಿ' ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಕೆಲವು ಟೈರ್‌ಗಳಲ್ಲಿ ಈ ಅಂಕಿ ಒಳಬದಿಗೆ ಮಾತ್ರ ಇರುತ್ತದೆ, ಬಗ್ಗಿ ನೋಡಬೇಕು. ಸ್ಪೋರ್ಟ್ಸ್ ಕಾರುಗಳು ಓಡುವುದೇ ಕಡಿಮೆ. ಹಾಗಾಗಿ ಟೈರಿನ ಟ್ರೆಡ್ ಸವೆದಿರುವುದಿಲ್ಲ, ನೋಡಲು ಹೊಸದರಂತೆಯೇ ಇರುತ್ತದೆ. ಆದರೆ ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಹತ್ತು ವರ್ಷ ದಾಟಿದ ಟೈರ್ ಎಷ್ಟೇ ಚೆನ್ನಾಗಿ ಕಂಡರೂ ತೆಗೆಸಿಬಿಡಿ. ಅದರಿಂದ ಹಿಡಿತವೂ ಇಲ್ಲ, ಆರಾಮವೂ ಇಲ್ಲ.

ಅಳತೆಯನ್ನೂ ಓದಿಕೊಳ್ಳಿ. 225/45 ಆರ್17 ಎಂದರೆ ಟೈರ್ ಅಗಲ 225 ಮಿ.ಮೀ., ಬದಿಯ ಗೋಡೆಯ ಎತ್ತರ ಅದರ ಶೇ 45, ಅಂದರೆ ಸುಮಾರು 101 ಮಿ.ಮೀ. ರಿಮ್ 17 ಇಂಚಿನದು. ಹಿಂದಿನ ಮಾಲೀಕರು ಚೆಂದಕ್ಕೆಂದು 19 ಇಂಚಿನ ಅಲಾಯ್ ಹಾಕಿಸಿ 225/35 ಟೈರ್ ಹಾಕಿದ್ದರೆ ಆ ಗೋಡೆ 79 ಮಿ.ಮೀ.ಗೆ ಇಳಿಯುತ್ತದೆ. ಸಣ್ಣ ಸಣ್ಣ ಏಟುಗಳನ್ನು ಮೊದಲು ನುಂಗುವುದು ಈ ಗೋಡೆಯೇ ಅಲ್ವಾ? ಅದರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ದೊಡ್ಡ ಚಕ್ರ ಸಾಮಾನ್ಯವಾಗಿ ತೂಕವೂ ಜಾಸ್ತಿ. ಭಾರದ ಚಕ್ರ ಉಬ್ಬಿಗೆ ತಾಗಿ ಮೇಲೆದ್ದರೆ ಅದನ್ನು ತಡೆದು ಕೂರಿಸಲು ಶಾಕ್ ಅಬ್ಸಾರ್ಬರ್ ಹೆಣಗಬೇಕು. ಕಂಪನಿ ಕೊಟ್ಟ ಅಳತೆಗೆ ಮರಳುವುದು ನನ್ನ ಪ್ರಕಾರ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಸಿಗುವ ಕೆಲಸ.

ಬಿಎಂಡಬ್ಲ್ಯು ಕಾರು ನೋಡುತ್ತಿದ್ದರೆ ರನ್‌ಫ್ಲಾಟ್ ಟೈರ್ ಇದೆಯೇ ಎಂದು ವಿಚಾರಿಸಿ. ಪಂಕ್ಚರ್ ಆದರೂ ಸ್ವಲ್ಪ ದೂರ ಓಡಲೆಂದು ಇವುಗಳ ಬದಿ ಗೋಡೆಯನ್ನು ಬಿಗಿಯಾಗಿ ಮಾಡಿರುತ್ತಾರೆ. ಮಾಮೂಲಿ ಟೈರ್ ಹಾಕಿಸಿದರೆ ಸವಾರಿ ಮೆತ್ತಗಾಗುತ್ತದೆ. ಆದರೆ ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಕಿಟ್ ಮತ್ತು ಗಾಳಿ ಪಂಪ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಲೇಬೇಕು.

ಕಾರು ತಗ್ಗಿಸಿದ್ದಾರೆಯೇ?

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳೆಯಿರಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದರೆ ಸ್ಪ್ರಿಂಗ್ ಮುರಿದಿರಬಹುದು. ಎಲ್ಲವೂ ತೀರಾ ಕಡಿಮೆ ಇದ್ದರೆ ಸ್ಪ್ರಿಂಗ್ ಬದಲಾಗಿದೆ ಅಥವಾ, ಇದಕ್ಕಿಂತ ಕೆಟ್ಟದು, ಕತ್ತರಿಸಿದ್ದಾರೆ. ತಗ್ಗಿಸಿದ ಕಾರಿನಲ್ಲಿ ಚಕ್ರ ಮೇಲೇಳಲು ಜಾಗವೇ ಇರುವುದಿಲ್ಲ. ಶಾಕ್ ಅಬ್ಸಾರ್ಬರ್ ರಾಡಿನಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರ್ ಅಥವಾ ಫೋಮ್ ತುಂಡು ಇರುತ್ತದೆ. ಕೊನೆಯ ಏಟು ತಡೆಯಲು ಇಟ್ಟದ್ದು ಅದು. ಕಾರು ತಗ್ಗಿಸಿದರೆ ಚಿಕ್ಕ ಉಬ್ಬಿಗೂ ಅದರ ಮೇಲೇ ಹೋಗಿ ಕೂರುತ್ತದೆ. ಆ 'ಧಡ್' ಸದ್ದು ಬರುವುದು ಬಹಳ ಸಲ ಅಲ್ಲಿಂದಲೇ.

ಒಳ್ಳೆಯ ತಿರುವಿಗೆ ಗಟ್ಟಿ ಸ್ಪ್ರಿಂಗ್ ಬೇಕೇ ಬೇಕು ಎಂಬ ನಂಬಿಕೆ ಈ ಕತ್ತರಿಸುವ ಕೆಲಸದ ಹಿಂದಿದೆ. ಲೋಟಸ್ ಕಂಪನಿ 1962ರಲ್ಲಿ ತಂದ ಎಲಾನ್ ನೋಡಿ. ಹಗುರ ಮೈ, ಮೆತ್ತನೆಯ ಸ್ಪ್ರಿಂಗ್, ಚಕ್ರ ಆಡಲು ಧಾರಾಳ ಜಾಗ, ಅದನ್ನು ಹಿಡಿದಿಡಲು ಸರಿಯಾದ ಶಾಕ್ ಅಬ್ಸಾರ್ಬರ್. ತಿರುವಿನಲ್ಲಿ ಅದರ ಹೆಸರು ಇಂದಿಗೂ ದೊಡ್ಡದು.

ಶಾಕ್ ಅಬ್ಸಾರ್ಬರ್ ಸತ್ತರೆ ಕಾರು ಮೆತ್ತಗಾಗಬೇಕಲ್ಲ, ಒರಟು ಹೇಗಾಗುತ್ತದೆ ಎಂದು ಕೇಳಬಹುದು. ಹಿಡಿತವಿಲ್ಲದೆ ಕಾರು ಪೂರ್ತಿ ಕೆಳಗೆ ಕೂತು ಬಂಪ್ ಸ್ಟಾಪ್‌ಗೆ ಹೊಡೆಯುತ್ತದೆ. ಹೀಗೆ ತೇಲಾಟ ಮತ್ತು ಏಟು ಎರಡೂ ಒಟ್ಟಿಗೆ ಬರುತ್ತವೆ. ಟಾರ್ಚ್ ಹಿಡಿದು ನೋಡಿ: ಮೈಮೇಲೆ ಎಣ್ಣೆ ಒಸರಿ ಧೂಳು ಅಂಟಿದ್ದರೆ ಅದು ಮುಗಿದಿದೆ. ಬಾನೆಟ್ ಒತ್ತಿ ಬಿಡುವ ಹಳೆಯ ಪರೀಕ್ಷೆ ಬಿಗಿ ಕಾರುಗಳಲ್ಲಿ ಹೆಚ್ಚೇನೂ ಹೇಳುವುದಿಲ್ಲ. ಹೊಂದಿಸಬಹುದಾದ ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಜೋಡಿ) ಇದ್ದರೆ ತಿರುಗಣೆ ಎಲ್ಲಿದೆ ನೋಡಿ. ಪೂರ್ತಿ ಬಿಗಿಗೆ ತಿರುಗಿಸಿಟ್ಟಿರುವುದುಂಟು. ಕೆಲವು ಕ್ಲಿಕ್ ಸಡಿಲಿಸಿದರೆ ಹಣ ಖರ್ಚಿಲ್ಲದೆ ವ್ಯತ್ಯಾಸ ಗೊತ್ತಾಗುತ್ತದೆ.

ಬಟನ್ ಒತ್ತಿ ಬಿಗಿ ಬದಲಾಯಿಸುವ ಕಾರುಗಳೂ ಇವೆ. ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ 2003ರ ಮಾದರಿಯಲ್ಲಿ ಬಂದ ಬಗೆಯಲ್ಲಿ ಎಣ್ಣೆಯೊಳಗೆ ಕಬ್ಬಿಣದ ಸೂಕ್ಷ್ಮ ಕಣಗಳಿವೆ. ಕರೆಂಟ್ ಹರಿಸಿದರೆ ಎಣ್ಣೆ ತಕ್ಷಣ ಮಂದವಾಗುತ್ತದೆ. ಅದೇ ರಸ್ತೆಯಲ್ಲಿ ಎರಡೂ ಮೋಡ್‌ನಲ್ಲಿ ಓಡಿಸಿ. ಏನೂ ವ್ಯತ್ಯಾಸ ಕಾಣದಿದ್ದರೆ ಕೊಳ್ಳುವ ಮೊದಲೇ ಸ್ಕ್ಯಾನ್ ಮಾಡಿಸಿ, ಈ ಭಾಗಗಳು ದುಬಾರಿ.

ಬುಷ್ ಮತ್ತು ಲಿಂಕ್

ಒಂದೇ ಬದಿಯ ಚಕ್ರ ಗುಂಡಿಗೆ ಬಿದ್ದಾಗ 'ಕಟಕಟ' ಎಂದರೆ ಆ್ಯಂಟಿ ರೋಲ್ ಬಾರ್‌ನ (ತಿರುವಿನಲ್ಲಿ ಕಾರು ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಸರಳು) ಲಿಂಕ್ ರಾಡ್ ನೋಡಿಸಿ. ಅಗ್ಗದ ಭಾಗ, ಬೇಗ ಮುಗಿಯುವ ಕೆಲಸ. ಬಾರ್ ಅನ್ನೇ ದಪ್ಪದ್ದಕ್ಕೆ ಬದಲಿಸಿದ್ದಾರೆಯೇ ಎಂದೂ ಕೇಳಿ. 20 ಮಿ.ಮೀ. ಬಾರ್ ಬದಲು 22 ಮಿ.ಮೀ. ಹಾಕಿದರೆ ಬಿಗಿ ಹೆಚ್ಚುಕಡಿಮೆ ಶೇ 46ರಷ್ಟು ಏರುತ್ತದೆ. ಒಂದು ಚಕ್ರದ ಏಟು ಆಚೆ ಬದಿಗೂ ಹೋಗುತ್ತದೆ, ಕಾರು ಅಡ್ಡಕ್ಕೆ ಓಲಾಡುತ್ತದೆ.

ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಆರ್ಮ್‌ಗಳ ರಬ್ಬರ್ ಬುಷ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ದಿನಾ ಓಡಿಸುವ ಕಾರಿಗೆ ಪಾಲಿಯುರೇಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಬುಷ್ ಬೇಡ, ಸಾಮಾನ್ಯವಾಗಿ ಅದು ರಬ್ಬರಿಗಿಂತ ಗಟ್ಟಿ, ಅದುರಾಟ ಒಳಗೆ ಬಿಡುತ್ತದೆ. ಇಲ್ಲಿ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಲೇಬೇಕು: ರಬ್ಬರ್ ಬುಷ್‌ನ ಬೋಲ್ಟ್ ಕೊನೆಯದಾಗಿ ಬಿಗಿ ಮಾಡುವಾಗ ಕಾರಿನ ಭಾರ ಚಕ್ರದ ಮೇಲೇ ಇರಬೇಕು. ಚಕ್ರ ಜೋತಾಡುತ್ತಿರುವಾಗ ಬಿಗಿ ಮಾಡಿದರೆ, ಕಾರು ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿರುತ್ತದೆ. ಹೊಸ ಬುಷ್ ಹಾಕಿಸಿಯೂ ಸವಾರಿ ಗಡುಸು, ಸ್ವಲ್ಪ ದಿನಕ್ಕೇ ಹರಿದೂ ಹೋಗುತ್ತದೆ.

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸ್ಟೀರಿಂಗ್ ನಡುಗಿದರೆ ಅದು ಸಸ್ಪೆನ್ಶನ್ ತೊಂದರೆ ಅಲ್ಲದಿರಬಹುದು. ಬ್ಯಾಲೆನ್ಸಿಂಗ್ ಮಾಡಿಸಿ, ರಿಮ್ ಬಾಗಿದೆಯೇ ನೋಡಿಸಿ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಗಾಳಿ, ಟೈರ್, ಲಿಂಕ್, ಬುಷ್, ಕೊನೆಗೆ ಶಾಕ್ ಅಬ್ಸಾರ್ಬರ್. ಪ್ರತಿ ಸಲವೂ ಕೆಲವು ದಿನ ಓಡಿಸಿ ನೋಡಿ.

ಏನು ಮಾಡಿದರೂ ಬದಲಾಗದ ಸಂಗತಿಯೂ ಒಂದಿದೆ. ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕಾರಿನ ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 2,265 ಮಿ.ಮೀ. ಅಷ್ಟೇ ಅಂತರ. ಇಷ್ಟು ಗಿಡ್ಡ ಕಾರು ಸಾಲು ಉಬ್ಬುಗಳ ಮೇಲೆ ಮೂತಿ ಎತ್ತಿ ಇಳಿಸುತ್ತಲೇ ಇರುತ್ತದೆ. ಆದ್ದರಿಂದ ನೀವು ದಿನಾ ಹೋಗುವಂಥ ರಸ್ತೆಯಲ್ಲೇ ಅರ್ಧ ಗಂಟೆ ಓಡಿಸಿ. ಪಕ್ಕದಲ್ಲಿ ಕೂರುವವರನ್ನೂ ಕರೆದುಕೊಂಡು ಹೋಗಿ. ಓಡಿಸುವವರಿಗೆ ಸ್ಟೀರಿಂಗ್ ಆಸರೆ ಇರುತ್ತದೆ, ಉಬ್ಬು ಬರುವುದು ಮೊದಲೇ ಕಾಣುತ್ತದೆ. ಪಕ್ಕದವರಿಗೆ ಎರಡೂ ಇಲ್ಲ. ಇಳಿದ ಮೇಲೆ ಮೊದಲು ಅವರನ್ನೇ ಕೇಳಿ.