ನಾಗಿಯೋಸ್‌ಗೆ ನಮ್ಮದೇ ಚೆಕ್ ಬರೆಯುವುದು

ನಾಗಿಯೋಸ್ ಅಂದರೆ ಸರ್ವರ್‌ಗಳ ಮೇಲೆ ಕಣ್ಣಿಟ್ಟು, ಏನಾದರೂ ಕೆಟ್ಟರೆ ಅಲರ್ಟ್ ಕಳಿಸುವ ಸಾಫ್ಟ್‌ವೇರ್. ಅದು ಓಡಿಸುವ ಚಿಕ್ಕ ಚೆಕ್ ಪ್ರೋಗ್ರಾಮೇ ಪ್ಲಗಿನ್. ಹೆದರಬೇಡಿ. ಅದಕ್ಕೆ ಬೇಕಾಗಿರುವುದು ಎರಡೇ: ಒಂದು ಸಾಲಿನ ಸಂದೇಶ, ಒಂದು ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿಯುವಾಗ ವಾಪಸ್ ಕೊಡುವ ಅಂಕಿ). 0 ಅಂದರೆ ಸರಿಯಿದೆ, 1 ಎಚ್ಚರಿಕೆ, 2 ಗಂಭೀರ, 3 ಗೊತ್ತಾಗಲಿಲ್ಲ. ಬ್ಯಾಶ್, ಪೈಥಾನ್, ಯಾವುದರಲ್ಲಾದರೂ ಬರೆಯಿರಿ.

ನಾನು ಮೊದಲು ಬರೆದದ್ದು ಬ್ಯಾಕಪ್ ಚೆಕ್. ಫೈಲ್ ಇದೆಯಾ ಅಂತ ಮಾತ್ರ ನೋಡುತ್ತಿತ್ತು. 3 ವಾರ ಹಸಿರು ತೋರಿಸಿತು. ಡೇಟಾಬೇಸ್ ಕೆಟ್ಟ ರಾತ್ರಿ ನೋಡಿದರೆ ಫೈಲಿನ ಸೈಜ್ 0 ಬೈಟ್! ಆ ರಾತ್ರಿ ಇನ್ನೂ ಮರೆತಿಲ್ಲ. ಈಗ ಫೈಲ್ ಎಷ್ಟು ಹಳೆಯದು, ಎಷ್ಟು ದೊಡ್ಡದು, ಎರಡನ್ನೂ ನೋಡುತ್ತೇನೆ. 26 ಗಂಟೆ ದಾಟಿದರೆ ಕೋಡ್ 1. 50 ದಾಟಿದರೆ, ಇಲ್ಲವೇ ಸೈಜ್ ತೀರಾ ಕಡಿಮೆಯಿದ್ದರೆ 2. 24 ಯಾಕಲ್ಲ ಅಂದರೆ, ಬ್ಯಾಕಪ್ ಕೆಲವೊಮ್ಮೆ ತಡವಾಗಿ ಮುಗಿಯುತ್ತದೆ. ಸುಮ್ನೆ ಸುಮ್ನೆ ಅಲರ್ಟ್ ಬಂದರೆ ಯಾರೂ ನೋಡುವುದಿಲ್ಲ, ಅಲ್ವಾ?

ಫೋಲ್ಡರ್ ಓದಲು ಅನುಮತಿ ಇಲ್ಲದಿದ್ದರೆ 3 ಕೊಡಿ. 0 ಮಾತ್ರ ಬೇಡವೇ ಬೇಡ. ಸಂದೇಶದ ಕೊನೆಗೆ ಪೈಪ್ ಗುರುತು (|) ಹಾಕಿ ಅಂಕಿಗಳನ್ನು ಕೊಟ್ಟರೆ ಗ್ರಾಫ್‌ಗೂ ಆಗುತ್ತದೆ.

ಪರೀಕ್ಷೆಯನ್ನು ರೂಟ್ (ಎಲ್ಲ ಅನುಮತಿ ಇರುವ ಯೂಸರ್) ಆಗಿ ಮಾಡಬೇಡಿ, ನಾಗಿಯೋಸ್ ಓಡುವ ಯೂಸರ್ ಆಗಿಯೇ ಮಾಡಿ. ಟಚ್ ಕಮಾಂಡ್‌ನಿಂದ ಒಂದು ನಕಲು ಫೈಲಿನ ತಾರೀಖನ್ನು ಹಿಂದಕ್ಕೆ ತಳ್ಳಿ, 1 ಮತ್ತು 2 ನಿಜವಾಗಿ ಬರುತ್ತವಾ ಅಂತ ಕಣ್ಣಾರೆ ನೋಡಿ. ಆಮೇಲೆ ಕಾನ್ಫಿಗ್‌ಗೆ ಸೇರಿಸಿ.