ಬಸ್ ಮುಷ್ಕರದ ದಿನ ತುಮಕೂರಿಂದ ಬೆಂಗಳೂರಿಗೆ ಹೋಗೋದು ಹೆಂಗೆ
ಮುಷ್ಕರಕ್ಕೆ ಕಾನೂನು ಪ್ರಕಾರ 14 ದಿನ ಮೊದ್ಲೇ ನೋಟಿಸ್ ಕೊಡ್ಬೇಕು, ಹಂಗಾಗಿ ಪೇಪರ್ ನೋಡ್ತಿದ್ರೆ ಸುದ್ದಿ ಮೊದ್ಲೇ ಸಿಗುತ್ತೆ. ಬಸ್‌ಸ್ಟ್ಯಾಂಡಲ್ಲಿ ಕಾಯ್ಬೇಡಿ, ಸೀದಾ ರೈಲ್ವೆ ಸ್ಟೇಷನ್‌ಗೆ ಹೋಗಿ, ಜನರಲ್ ಟಿಕೆಟ್ ಮೊಬೈಲಲ್ಲೇ ತಗೊಳ್ಳಿ ಯಾಕಂದ್ರೆ ಅವತ್ತು ಕೌಂಟರ್ ಕ್ಯೂ ಹೊರಗಡೆವರೆಗೂ ಬಂದಿರುತ್ತೆ, ಯಶವಂತಪುರದಲ್ಲಿ ಇಳಿದ್ರೆ ಮೆಟ್ರೋ ಪಕ್ಕದಲ್ಲೇ. ಕಾರಲ್ಲಿ ಹೋದ್ರೆ ಮಾದಾವರದಲ್ಲೇ ಮೆಟ್ರೋ ಹತ್ತಿ. ಪರೀಕ್ಷೆ, ಆಸ್ಪತ್ರೆ ಇದ್ರೆ ಹಿಂದಿನ ದಿನಾನೇ ಹೊರಡಿ.

ಡ್ರೈವರ್, ಕಂಡಕ್ಟರ್ ಮೇಲೆ ಮಾತ್ರ ರೇಗಾಡ್ಬೇಡಿ. 2021ರ ಏಪ್ರಿಲ್ ಮುಷ್ಕರದಲ್ಲಿ ಅವ್ರು ಕೇಳಿದ್ದು 6ನೇ ವೇತನ ಆಯೋಗದ ಸಂಬಳ, ಅಂದ್ರೆ ಸರ್ಕಾರಿ ನೌಕರರಿಗೆ ಸಿಗೋ ಥರದ ಸಂಬಳ. ಮುಷ್ಕರ ಮೂಲಭೂತ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ ನಿಜ, ಆದ್ರೆ ಸಂಘ ಕಟ್ಟೋದು, ಶಾಂತಿಯಿಂದ ಸೇರೋದು ಸಂವಿಧಾನದ 19ನೇ ವಿಧಿ ಕೊಟ್ಟಿರೋ ಹಕ್ಕು. ಟಿಕೆಟ್ ಹರಿದು ಹರಿದು ಬೆರಳು ಕಪ್ಪಾಗಿರೋ ಕಂಡಕ್ಟರ್ ಕೈ ನೋಡಿದೀನಿ, ನಂಗೆ ಒಂದಿನ ತೊಂದ್ರೆ ಆದ್ರೂ ಪರವಾಗಿಲ್ಲ.