ಹಣ್ಣಿನ ಬೀಜ ಮಿಕ್ಸಿಗೆ ಹಾಕುವ ಮೊದಲು

ಹಣ್ಣು ತಿಂದು ಬೀಜ ಎಸೆಯಬೇಡಿ, ಒಣಗಿಸಿ ಪುಡಿ ಮಾಡಿಟ್ಟುಕೊಳ್ಳಿ, ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಚಮಚ ತಿನ್ನಿ ಅಂತ ಮೊಬೈಲಿನಲ್ಲಿ ಒಂದಲ್ಲ ಒಂದು ಸಲಹೆ ಬರುತ್ತಲೇ ಇರುತ್ತದೆ. ಸೊಸೆ ಅದನ್ನು ನೋಡಿ ಬಂದು ಕೇಳುತ್ತಾಳೆ, "ಅತ್ತೆ, ಪಪ್ಪಾಯಿ ಬೀಜ ಲಿವರ್‌ಗೆ ಒಳ್ಳೇದಂತೆ, ಹೌದಾ?" ಅಂತ. ಹೌದು, ಅಲ್ಲ ಅನ್ನುವ ಮೊದಲು ನಾನು ತಿರುಗಿ ಕೇಳುವುದು ಇಷ್ಟೇ. ಇಡೀ ಬೀಜವೋ ಪುಡಿಯೋ? ಹಸಿಯೋ ಬೇಯಿಸಿದ್ದೋ?

ಗಿಡಕ್ಕೆ ಹಣ್ಣು ಕೊಡಲು ಬೇಜಾರಿಲ್ಲ. ಮಂಗ ತಿನ್ನಲಿ, ಮಂಗಟ್ಟೆ ಹಕ್ಕಿ ತಿನ್ನಲಿ, ನಾವು ತಿನ್ನಲಿ, ಬೀಜ ಮಾತ್ರ ಬೇರೆ ಕಡೆ ಹೋಗಿ ಬಿದ್ದು ಮೊಳೆಯಬೇಕು. ಅದಕ್ಕೇ ಬೀಜದ ಸುತ್ತ ಗಟ್ಟಿ ಸಿಪ್ಪೆ, ಒಳಗೆ ಕಹಿ, ಒಗರು, ಕೆಲವದರಲ್ಲಿ ವಿಷ. ಇಡಿಯಾಗಿ ನುಂಗಿದ ಸೀತಾಫಲದ ಬೀಜ ಹೋದ ಹಾಗೆಯೇ ಹೊರಗೆ ಬರುತ್ತದೆ. ಅದನ್ನೇ ಅಗಿದರೆ, ಅರೆದರೆ, ಒಳಗಿರುವುದೆಲ್ಲ ಹೊಟ್ಟೆಗೆ ಸಿಕ್ಕಿತು. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಒರಳಿಗೆ ಬೀಳುತ್ತಿದ್ದ ಬೀಜಗಳು ಕೆಲವೇ. ಯಾವುದನ್ನು ನೆನೆಸಬೇಕು, ಯಾವುದನ್ನು ಸುಡಬೇಕು ಅನ್ನುವುದು ಗೊತ್ತಿದ್ದ ಬೀಜಗಳು ಅವು. ಈಗ ಮಿಕ್ಸಿ ಇದೆ, ಸಿಕ್ಕಿದ್ದನ್ನೆಲ್ಲ ಹಾಕಿ ಒಂದು ಸುತ್ತು ತಿರುಗಿಸುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿ.

ಮಲೆನಾಡಿನಲ್ಲಿ ಬೀಜದ ಮಾತು ಬಂದರೆ ಹಲಸಿನ ಬೇಳೆಯೇ ಮೊದಲು. ಬಕ್ಕೆ ಹಲಸೇ ಇರಲಿ, ಅಂಬಲಿ ಹಲಸೇ ಇರಲಿ, ತೊಳೆ ತಿಂದು ಬೇಳೆ ಎಸೆಯುವ ಮನೆ ನಮ್ಮ ಕಡೆ ಇರಲಿಲ್ಲ. ಮಳೆ ಹಿಡಿದರೆ ಪೇಟೆಗೆ ಹೋಗುವುದೇ ಕಷ್ಟ, ತರಕಾರಿ ಎಲ್ಲಿಂದ ಬರಬೇಕು? ಬೇಳೆ ತೊಳೆದು, ಕೆಮ್ಮಣ್ಣಿನ ಕೆಸರಿನಲ್ಲಿ ಹೊರಳಿಸಿ, ನೆರಳಿನಲ್ಲಿ ಆರಿಸಿ, ಕುಕ್ಕೆಗೆ ತುಂಬಿ ಒಣ ಜಾಗದಲ್ಲಿ ಇಡುತ್ತಿದ್ದರು. ಮಣ್ಣಿನ ಹೊದಿಕೆ ಇದ್ದರೆ ಬೇಳೆ ಬೇಗ ಸುಕ್ಕಾಗುವುದಿಲ್ಲ, ಹುಳವೂ ಕಡಿಮೆ. ಆರಿದ್ರೆ, ಪುನರ್ವಸು ಮಳೆಯ ದಿನಗಳಲ್ಲಿ ಹರಿವೆ ದಂಟಿನ ಜೊತೆಗೋ ಸೌತೆಕಾಯಿ ಜೊತೆಗೋ ಹಾಕಿ ಹುಳಿ ಮಾಡಿದರೆ ಊಟಕ್ಕೆ ಬೇರೆ ಏನೂ ಬೇಡ. ಈಗ ಕೆಮ್ಮಣ್ಣು ಕಲಸುವವರು ಯಾರು ಅನ್ನುತ್ತೀರಾ? ಮೇಲಿನ ಬಿಳಿ ಸಿಪ್ಪೆ ತೆಗೆದು, ಒರೆಸಿ, ಡಬ್ಬಕ್ಕೆ ಹಾಕಿ ಫ್ರೀಜರ್‌ನಲ್ಲಿಡಿ. ಅದೂ ಚೆನ್ನಾಗಿಯೇ ಇರುತ್ತದೆ.

ಹಸಿ ಹಲಸಿನ ಬೇಳೆಯನ್ನು ಮಾತ್ರ ತಿನ್ನಬೇಡಿ, ಸ್ಮೂದಿಗೆ ಹಾಕಬೇಡಿ, ಹಸಿಯಾಗಿ ಒಣಗಿಸಿದ ಪುಡಿಯನ್ನು ಹಾಗೇ ಹಾಲಿಗೆ ಬೆರೆಸಬೇಡಿ. ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ವಸ್ತು ಹಸಿ ಬೇಳೆಯಲ್ಲಿದೆ. ಚೆನ್ನಾಗಿ ಬೇಯಿಸಿದರೆ, ಸುಟ್ಟರೆ ಅದರ ಶಕ್ತಿ ಹೋಗುತ್ತದೆ. ಉಪ್ಪು ಹಾಕಿ ಕುಕ್ಕರಿನಲ್ಲಿ ಮೂರು ನಾಲ್ಕು ಸೀಟಿ ಸಾಕು. ಕಂದು ಸಿಪ್ಪೆಯನ್ನು ಪೂರ್ತಿ ಕೆರೆದು ತೆಗೆಯಬೇಕಿಲ್ಲ, ನಾರಿನಂಶ ಅದರಲ್ಲೂ ಇದೆ. ಬಚ್ಚಲೊಲೆಯ ಕೆಂಡದಲ್ಲಿ ಸುಡುವುದಾದರೆ ಒಂದು ಕಡೆ ಸೀಳಿ ಹಾಕಿ. ಇಲ್ಲದಿದ್ದರೆ ಸಿಡಿದು ಕಣ್ಣಿಗೇ ಬರುತ್ತದೆ.

ಬೇಳೆಯಲ್ಲಿ ಇರುವುದು ಏನು? 100 ಗ್ರಾಂ ಹಸಿ ಬೇಳೆಯಲ್ಲಿ 6-7 ಗ್ರಾಂ ಪ್ರೋಟೀನ್, ಉಳಿದದ್ದರಲ್ಲಿ ನೀರು ಬಿಟ್ಟರೆ ಹೆಚ್ಚಿನದು ಪಿಷ್ಟ. ಹಾಗಾಗಿ ಸಕ್ಕರೆ ಕಾಯಿಲೆ ಇರುವವರು ಬೇಳೆ ಪಲ್ಯವನ್ನು ತರಕಾರಿ ಅಂತ ಲೆಕ್ಕ ಹಾಕಬಾರದು. ಆ ದಿನ ಅನ್ನ ಒಂದು ಸೌಟು ಕಡಿಮೆ ಹಾಕಿಕೊಳ್ಳಿ. ಪೊಟ್ಯಾಶಿಯಂ ಕೂಡ ಜಾಸ್ತಿ. ಕಿಡ್ನಿ ತೊಂದರೆ ಇದ್ದು ಡಾಕ್ಟರು ಪೊಟ್ಯಾಶಿಯಂ ಕಡಿಮೆ ಮಾಡಿ ಅಂದಿದ್ದರೆ ಹಲಸು, ಬೇಳೆ ಎರಡನ್ನೂ ಅವರನ್ನು ಕೇಳಿಯೇ ತಿನ್ನಿ. ಇನ್ನು ವಾಯು. ಅದು ಎಲ್ಲರಿಗೂ ಗೊತ್ತಿರುವ ಕಥೆ! ಬೇಳೆಯ ಪಿಷ್ಟದಲ್ಲಿ ಒಂದಷ್ಟು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ. ಇಂಗು, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ರಾತ್ರಿ ಊಟಕ್ಕೆ ಬೇಡ, ಮಧ್ಯಾಹ್ನಕ್ಕೆ ಮಾಡಿ. ಒಬ್ಬರಿಗೆ ಎಂಟು ಹತ್ತು ಬೇಳೆ ಆದರೆ ಹೊಟ್ಟೆ ಸುಮ್ನೆ ಇರುತ್ತದೆ.

ಮಾವಿನ ಗೊರಟಿನ ತಿರುಳನ್ನೂ ನಾವು ಬಿಟ್ಟವರಲ್ಲ. ಒಣಗಿಸಿಟ್ಟು, ಹೊಟ್ಟೆ ಕೆಟ್ಟಾಗ ಚೂರು ತೇಯ್ದು ಮಜ್ಜಿಗೆಗೆ ಬೆರೆಸಿ ಕೊಡುತ್ತಾರೆ, ಜೀರಿಗೆ, ಕಾಳುಮೆಣಸು ಹಾಕಿ ತಂಬುಳಿ ಮಾಡುತ್ತಾರೆ. ಅದರ ಒಗರಿಗೆ ಭೇದಿ ಸ್ವಲ್ಪ ಹಿಡಿತಕ್ಕೆ ಬರುವುದು ಹೌದು. ಆದರೆ ಮಗುವಿಗೆ ಭೇದಿ ಆದಾಗ ಮೊದಲು ಬೇಕಾದದ್ದು ಓಆರ್‌ಎಸ್ ನೀರು, ತಂಬುಳಿ ಆಮೇಲೆ.

ಗೊರಟಿನ ವಿಷಯದಲ್ಲಿ ನನಗೆ ಹೆದರಿಕೆ ಇರುವುದು ಬೂಷ್ಟಿನದು. ಒಡಿಶಾದ ಕಾಶೀಪುರದಲ್ಲಿ 2001ರಲ್ಲಿ, ಕಂಧಮಾಲ್ ಜಿಲ್ಲೆಯಲ್ಲಿ 2024ರಲ್ಲಿ ಮಾವಿನ ಗೊರಟಿನ ಗಂಜಿ ಕುಡಿದು ಜನ ತೀರಿಕೊಂಡರು. ಅಲ್ಲಿನ ಬುಡಕಟ್ಟು ಜನ ಹಿಂದಿನಿಂದಲೂ ಅದನ್ನು ತಿನ್ನುವವರೇ. ಸಾವಿಗೆ ಕಾರಣ ಅಂತ ಬೊಟ್ಟು ಮಾಡಿದ್ದು ಬೂಷ್ಟು ಹಿಡಿದ ತಿರುಳಿನ ಕಡೆಗೆ. ಈಗ ನಮ್ಮ ಊರು ನೋಡಿ. ಆಗುಂಬೆ ಸುತ್ತಮುತ್ತ ಜೂನ್‌ನಲ್ಲಿ ಮಳೆ ಶುರುವಾದರೆ ಗೋಡೆಗೂ ಬೂಷ್ಟು, ಬಾಗಿಲಿಗೂ ಬೂಷ್ಟು, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು. ಒಣಗಿಸಿದ ಗೊರಟು ಹೇಗೆ ತಪ್ಪಿಸಿಕೊಳ್ಳುತ್ತದೆ? ಬೂಷ್ಟಿನಿಂದ ಬರುವ ಕೆಲವು ವಿಷ ಕುದಿಸಿದರೂ ಹೋಗುವುದಿಲ್ಲ. ಮೇಲೆ ಒರೆಸಿ, ಬಿಸಿಲಿಗೆ ಹಾಕಿ "ಸರಿಯಾಯ್ತು" ಅಂದರೆ ಆಗದು. ಏಪ್ರಿಲ್, ಮೇ ಬಿಸಿಲಲ್ಲಿ ಟಕ್ ಎಂದು ಮುರಿಯುವ ತನಕ ಒಣಗಿಸಿ. ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ತೆಗೆದಾಗ ಮುಗ್ಗಲು ವಾಸನೆ ಬಂದರೆ, ಹಸಿರೋ ಕಪ್ಪೋ ಚುಕ್ಕೆ ಕಂಡರೆ, ಗೊಬ್ಬರದ ಗುಂಡಿಗೆ. ದನಕ್ಕೂ ಹಾಕಬೇಡಿ. ಮಳೆಗಾಲದಲ್ಲಿ ಅಟ್ಟದ ಮೇಲೆ ಮರೆತುಹೋದ ಹಲಸಿನ ಬೇಳೆಗೂ ಇದೇ ಮಾತು.

ಪಪ್ಪಾಯಿ ಬೀಜಕ್ಕೆ ಬರೋಣ. ಜಗಿದರೆ ಖಾರ, ಸಾಸಿವೆ ಮತ್ತು ಮೆಣಸಿನ ನಡುವಿನ ಒಂದು ಘಾಟು. ಒಣಗಿದರೆ ಕಾಳುಮೆಣಸಿನ ಹಾಗೇ ಕಾಣುತ್ತದೆ. ಅದಕ್ಕೇ ಮೆಣಸಿಗೆ ಅದನ್ನು ಕಲಬೆರಕೆ ಮಾಡುತ್ತಾರೆ. ಮೆಣಸು ಬೆಳೆಯುವ ನಮಗೆ ಆ ಚಿಂತೆ ಇಲ್ಲ, ಬೆಂಗಳೂರಿನಲ್ಲಿ ಕೊಂಡು ತಿನ್ನುವ ಮಕ್ಕಳಿಗೆ ಹೇಳಿ: ಒಂದು ಲೋಟ ನೀರಿಗೆ ಹಾಕಿದರೆ ಗಟ್ಟಿ ಮೆಣಸು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಮೆಣಸೂ ತೇಲುತ್ತದೆ, ಆದ್ದರಿಂದ ತೇಲಿದ್ದನ್ನು ಒಡೆದು, ಮೂಸಿ ನೋಡಿ.

ಈ ಬೀಜಕ್ಕೆ ಹೊಟ್ಟೆಹುಳದ ಔಷಧಿ ಅಂತ ಹೆಸರಿದೆ. ಪೂರ್ತಿ ಸುಳ್ಳಲ್ಲ. 2007ರಲ್ಲಿ ನೈಜೀರಿಯಾದಲ್ಲಿ 60 ಮಕ್ಕಳಿಗೆ ಒಣಗಿಸಿದ ಪಪ್ಪಾಯಿ ಬೀಜವನ್ನು ಜೇನಿನಲ್ಲೋ, ಬರೀ ಜೇನನ್ನೋ ಕೊಟ್ಟು ನೋಡಿದ ಸಣ್ಣ ಅಧ್ಯಯನ ಪ್ರಕಟವಾಯಿತು. ಬೀಜ ತಿಂದವರಲ್ಲಿ ಬಹಳ ಮಕ್ಕಳ ಹುಳ ಹೋಗಿತ್ತು. 60 ಮಕ್ಕಳ ಮಾತು ನಂಬಿ ಮನೆ ಮೊಮ್ಮಕ್ಕಳಿಗೆಲ್ಲ ಪುಡಿ ತಿನ್ನಿಸಬೇಕಾ? ನಾನು ಬೇಡ ಅನ್ನುತ್ತೇನೆ. ಅಂಗನವಾಡಿ, ಶಾಲೆಗಳಲ್ಲಿ ವರ್ಷಕ್ಕೆರಡು ಸಲ ಅಲ್ಬೆಂಡಜೋಲ್ ಮಾತ್ರೆ ದುಡ್ಡಿಲ್ಲದೆ ಕೊಡುತ್ತಾರೆ, ಅಳತೆಯೂ ಸರಿಯಾಗಿರುತ್ತದೆ. ಇನ್ನೊಂದು ವಿಷಯ ಮೊಬೈಲ್ ಸಲಹೆಯವರು ಹೇಳುವುದಿಲ್ಲ. ಈ ಬೀಜದ ಸಾರವನ್ನು ಗಂಡು ಲಂಗೂರ್ ಮಂಗಗಳಿಗೆ ಕೊಟ್ಟಾಗ ವೀರ್ಯಾಣು ಇಲ್ಲವಾದದ್ದು, ನಿಲ್ಲಿಸಿದ ಮೇಲೆ ಮತ್ತೆ ಬಂದದ್ದು ನಮ್ಮ ದೇಶದ ಸಂಶೋಧನೆಗಳಲ್ಲೇ ದಾಖಲಾಗಿದೆ. ಮಗು ಬೇಕು ಅನ್ನುತ್ತಿರುವ ಗಂಡಸರು, ಬಸುರಿಯರು ಇಬ್ಬರೂ ಈ ಪುಡಿಯಿಂದ ದೂರ ಇರಿ. ಹಣ್ಣು ಕೊಯ್ಯುವಾಗ ಒಂದೆರಡು ಬೀಜ ಬಾಯಿಗೆ ಹೋದರೆ ಏನೂ ಆಗುವುದಿಲ್ಲ. ಲಿವರ್ ಶುದ್ಧಿ ಅನ್ನುವುದು ಮಾರುವವರ ಮಾತು.

ಸೀತಾಫಲದ ಬೀಜ ಅರೆಯಲೇಬೇಡಿ. ಅದರೊಳಗಿನ ವಸ್ತು ಹುಳ ಕೊಲ್ಲುವಂಥದ್ದು, ಹಾಗಾಗಿಯೇ ಹಿಂದೆ ಹೇನಿಗೆ ಹಚ್ಚುತ್ತಿದ್ದರು. ಹೇನು ಸಾಯುತ್ತದೆ, ನಿಜ. ತಲೆಗೆ ಹಚ್ಚಿದ್ದು ಬೆವರಿನ ಜೊತೆ ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಯೇ ಸುಟ್ಟ ಹಾಗೆ ಗಾಯವಾಗುತ್ತದೆ. ಅಂಥ ಕಣ್ಣುಗಳನ್ನು ನಮ್ಮ ದೇಶದ ಕಣ್ಣಿನ ಡಾಕ್ಟರುಗಳು ಸಾಕಷ್ಟು ನೋಡಿದ್ದಾರೆ. ಹೇನಿಗೆ ಸಣ್ಣ ಹಲ್ಲಿನ ಬಾಚಣಿಗೆ ಮತ್ತು ಅಂಗಡಿಯ ಔಷಧಿ ಸಾಕು. ಮಿಲ್ಕ್‌ಶೇಕ್ ಮಾಡುವಾಗ ಒಂದೊಂದೇ ಬೀಜ ತೆಗೆದು, ಎಣಿಸಿ ಪಕ್ಕಕ್ಕಿಟ್ಟು ಆಮೇಲೆ ಮಿಕ್ಸಿ ಹಾಕಿ. ಅದರದೇ ಜಾತಿಯ ಲಕ್ಷ್ಮಣ ಫಲವನ್ನು ಕ್ಯಾನ್ಸರ್ ಹೋಗುತ್ತದೆ ಅಂತ ತೋಟದಲ್ಲಿ ನೆಟ್ಟವರು ನಮ್ಮ ಕಡೆಯೂ ಜಾಸ್ತಿ ಆಗಿದ್ದಾರೆ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಕಷಾಯ ಬಹಳ ಬಳಸುವವರಲ್ಲಿ ಪಾರ್ಕಿನ್ಸನ್ ತರಹದ ನಡುಕದ ಕಾಯಿಲೆ ಜಾಸ್ತಿ ಕಂಡದ್ದನ್ನು 1999ರಲ್ಲೇ ಅಲ್ಲಿನ ವೈದ್ಯರು ಬರೆದರು. ಅಪರೂಪಕ್ಕೆ ಹಣ್ಣು ತಿನ್ನಿ, ಬೀಜ ಮತ್ತು ದಿನನಿತ್ಯದ ಕಷಾಯ ಬೇಡ.

ನೇರಳೆ ಬೀಜದ ಪುಡಿ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಸಕ್ಕರೆ ಸ್ವಲ್ಪ ಇಳಿಸುವ ಗುಣ ಇರಬಹುದು, ವಿಷವಂತೂ ಅಲ್ಲ. ಆದರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅದರ ಮೇಲೆ ಇದನ್ನೂ ತಿಂದು ಊಟ ತಡ ಮಾಡಿದರೆ ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಅದಕ್ಕಿಂತ ಕೆಟ್ಟದ್ದು, ಪುಡಿ ನಂಬಿ ಮಾತ್ರೆ ಬಿಡುವುದು. ಪುಡಿ ತಿನ್ನುವುದಾದರೆ ಡಾಕ್ಟರಿಗೆ ಹೇಳಿ ತಿನ್ನಿ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಮಾಡಿಸಿ. ಒಗರು ಜಾಸ್ತಿ ಇರುವುದರಿಂದ ಮಲ ಗಟ್ಟಿಯಾಗುತ್ತದೆ, ಮೂಲವ್ಯಾಧಿ ಇದ್ದವರು ನೆನಪಿಡಿ.

ಹುಣಸೆ ಬೀಜ ಹುರಿದು, ಕರಿ ಸಿಪ್ಪೆ ಕಳೆದು, ನೆನೆಸಿ ಬೇಯಿಸಿದರೆ ತಿನ್ನಬಹುದು. ಹಲ್ಲು ಗಟ್ಟಿ ಇರುವವರ ಕೆಲಸ ಅದು, ನನಗೆ ಅದು ಚೌಕಾಬಾರಕ್ಕೇ ಸರಿ. ಗೇರು ಬೀಜವನ್ನು ಮಾತ್ರ ಮನೆಯಲ್ಲಿ ಸುಡುವಾಗ ಹುಷಾರು. ಸಿಪ್ಪೆಯ ಎಣ್ಣೆ ತಾಗಿದರೆ ಬೊಬ್ಬೆ ಏಳುತ್ತದೆ, ಹೊಗೆಯೂ ಮುಖಕ್ಕೆ ಬರಬಾರದು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಅಂಗಳದಲ್ಲಿ ಗಾಳಿಗೆ ಬೆನ್ನು ಹಾಕಿ ಸುಡಿ. ಪೇರಲೆ, ದಾಳಿಂಬೆ, ಕಲ್ಲಂಗಡಿ ಬೀಜಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಲಿಚಿ, ರಂಬುಟಾನ್ ಬೀಜ ಎಸೆಯಿರಿ. ಲಿಚಿಯ ಬೀಜದಲ್ಲೂ ತಿರುಳಿನಲ್ಲೂ ರಕ್ತದ ಸಕ್ಕರೆ ಇಳಿಸುವ ವಸ್ತು ಇದೆ. ಬಿಹಾರದ ಮುಜಫ್ಫರ್‌ಪುರದಲ್ಲಿ ರಾತ್ರಿ ಊಟ ಮಾಡದೆ ಬರೀ ಲಿಚಿ ತಿಂದ ಮಕ್ಕಳು ಅಪಾಯಕ್ಕೆ ಸಿಕ್ಕಿದ್ದು ಹಾಗೆಯೇ.

ಬೀಜದಿಂದ ತುಪ್ಪ ತೆಗೆಯುವುದು ನಮ್ಮ ಘಟ್ಟದವರ ಹಳೆಯ ವಿದ್ಯೆ. ಸಾಗರ, ಹೊಸನಗರದ ಕಡೆ ಉಪ್ಪಾಗೆ ಬೀಜದ ತುಪ್ಪಕ್ಕೆ ದೋಸೆ ಹುಯ್ಯುತ್ತಿದ್ದರು. ಮುರುಗಲ ಬೀಜದ ತುಪ್ಪ ತಣ್ಣಗಿದ್ದಾಗ ಮೇಣದ ಹಾಗೆ ಗಟ್ಟಿ, ಹಿಮ್ಮಡಿ ಒಡಕಿಗೆ ಸ್ವಲ್ಪ ಬಿಸಿ ಮಾಡಿ ಹಚ್ಚಿ. ಅದಕ್ಕಿಂತ ಒಳ್ಳೆಯ ಕ್ರೀಮು ನಾನು ಕಂಡಿಲ್ಲ.

ಕೊನೆಗೆ ಮಕ್ಕಳ ವಿಷಯ. ಐದು ವರ್ಷದೊಳಗಿನ ಮಕ್ಕಳಿಗೆ ಬೀಜ ಇರುವ ಹಣ್ಣು ಕೊಟ್ಟು ಅಡುಗೆಮನೆಗೆ ಹೋಗಬೇಡಿ. ಸಪೋಟ ಬೀಜದ ತುದಿಗೆ ಕೊಕ್ಕೆ ಇರುತ್ತದೆ, ಗಂಟಲಿಗೆ ಕಚ್ಚಿಕೊಳ್ಳುತ್ತದೆ. ಹುಣಸೆ ಬೀಜ ಶ್ವಾಸನಾಳಕ್ಕೆ ಹೋದರೆ ಒದ್ದೆಯಾಗಿ ಉಬ್ಬುತ್ತದೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಆಗದೆ, ಅಳಲೂ ಆಗದೆ ಇದ್ದರೆ ಮುಂದಕ್ಕೆ ಬಗ್ಗಿಸಿ ಎರಡು ಭುಜದ ನಡುವೆ ಅಂಗೈಯ ಬುಡದಿಂದ ಐದು ಸಲ ಗುದ್ದಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ಬೀಜಕ್ಕೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಕೆಮ್ಮು ನಿಂತು, ಆಮೇಲೆ ಉಸಿರಾಡುವಾಗ ಸೀಟಿಯಂಥ ಸದ್ದು ಬಂದರೂ ಆಸ್ಪತ್ರೆಗೆ ತೋರಿಸಿ.

ಶಾಲೆಗೆ ಕಾಡುದಾರಿಯಲ್ಲಿ ಹೋಗುವ ಮಕ್ಕಳಿಗೆ ಕಾಸರಕನ ಮರ ತೋರಿಸಿಕೊಡಿ. ಹಣ್ಣು ಕಿತ್ತಳೆ ಬಣ್ಣಕ್ಕೆ ಗುಂಡಗೆ ಇರುತ್ತದೆ, ಬೀಜದಲ್ಲಿ ಇರುವುದು ಸ್ಟ್ರಿಕ್ನಿನ್ ಎಂಬ ವಿಷ. ಬೇಲಿಯ ಕಾಡು ಹರಳಿನ ಬೀಜ ತಿಂದರೂ ವಾಂತಿ, ಭೇದಿ ನಿಲ್ಲುವುದಿಲ್ಲ. ಇಂಥದ್ದು ತಿಂದ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಕ್ಕೆ ಹೋಗಬೇಡಿ. ತಿಂದು ಉಳಿದ ಕಾಯಿ, ಬೀಜ, ಒಂದು ಎಲೆ, ಎಲ್ಲ ಒಂದು ಕೊಟ್ಟೆಗೆ ಹಾಕಿಕೊಂಡು ಸೀದಾ ಆಸ್ಪತ್ರೆಗೆ ಹೋಗಿ. ಏನು ತಿಂದದ್ದು ಅಂತ ಡಾಕ್ಟರಿಗೆ ಅದನ್ನು ನೋಡಿದರೆ ಬೇಗ ಗೊತ್ತಾಗುತ್ತದೆ.